ಟೈಪಿಸ್ಟಕ್ಕನಿಗೆ ಬಂದ ಕರೆ

ನ್ಯಾಯಾಲಯದ ನಕಲು ವಿಭಾಗದಲ್ಲಿ ಕಿಟಕಿ ಪಕ್ಕದ ಮೂರನೇ ಮೇಜು ಅವಳದು. ಇಪ್ಪತ್ತೊಂದನೇ ವಯಸ್ಸಿಗೆ ಅಲ್ಲಿ ಕೂತವಳು ಎದ್ದದ್ದು ನಿವೃತ್ತಿಯ ದಿನವೇ. ತೀರ್ಪುಗಳನ್ನೂ ಸಾಕ್ಷಿಗಳ ಹೇಳಿಕೆಗಳನ್ನೂ ಮೂರು ಕಾರ್ಬನ್ ಪ್ರತಿಗಳ ಸಮೇತ ಟೈಪು ಮಾಡುವುದು ಕೆಲಸ. ಅವಳ ಬೆರಳು ಓಡುವ ಸದ್ದು ಕೇಳಿ ಹೊರಗಿನ ಬೆಂಚಿನಲ್ಲಿ ಕೂತ ಕಕ್ಷಿದಾರರು "ಒಳಗೇನು, ಆಲಿಕಲ್ಲು ಬೀಳ್ತಿದೆಯಾ?" ಎಂದು ತಮಾಷೆ ಮಾಡುತ್ತಿದ್ದರು. ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಅಪ್ಪನ ವಯಸ್ಸಿನ ಹೆಡ್ ಗುಮಾಸ್ತರಿಗೂ, ನಿನ್ನೆ ಮೊನ್ನೆ ಬಂದ ಜವಾನನಿಗೂ ಅವಳು ಟೈಪಿಸ್ಟಕ್ಕ.

ಆ ಮೇಜಿಗೆ ಬಂದು ಕೂರುವ ಎರಡು ವರ್ಷ ಮೊದಲೇ ಅವಳಿಗೆ ದೇವರ ಕರೆ ಬಂದಿತ್ತು. ಹಾಗೆಂದು ಅವಳು ನಂಬಿದ್ದಳು.

ಹತ್ತೊಂಬತ್ತರ ಹರೆಯ. ಅವಳು ಹೋಗುತ್ತಿದ್ದ ಕ್ರೈಸ್ತ ಸಭೆಯಲ್ಲಿ ನಾಲ್ಕು ದಿನದ ಪ್ರಾರ್ಥನಾ ಕೂಟ ನಡೆದಿತ್ತು. ಬೆಟ್ಟಗಳಾಚೆಯ ಕಣಿವೆಯಲ್ಲಿ ಇಪ್ಪತ್ತು ವರ್ಷ ಸೇವೆ ಮಾಡಿ ಬಂದಿದ್ದ ಒಬ್ಬ ವೈದ್ಯೆ ಮಾತಾಡಿದರು. ಆ ಕಣಿವೆಯಲ್ಲಿ ಸುವಾರ್ತೆಯನ್ನು ಕೇಳದವರು ಇನ್ನೂ ಸಾವಿರಾರು ಮಂದಿ ಇದ್ದಾರೆ, ಅವರು ಕಾಯುತ್ತಿದ್ದಾರೆ, ಹೋಗುವವರು ಯಾರು, ಎದ್ದು ನಿಲ್ಲಿ ಅಂದರು. ಹಿಂದಿನಿಂದ ಯಾರೋ ಮೆಲ್ಲಗೆ ಹೆಸರು ಹಿಡಿದು ಕರೆದಂತಾಗಿ ಅವಳು ತಿರುಗಿ ನೋಡಿದಳು. ಅವಳು ಕೂತದ್ದು ಕೊನೆಯ ಸಾಲು, ಹಿಂದೆ ಬರೀ ಗೋಡೆ. ಎದ್ದು ನಿಂತಳು. ಇಡೀ ಸಭೆಯಲ್ಲಿ ಅವಳ ಜೊತೆ ಎದ್ದವನೆಂದರೆ ಮುಂದಿನ ಸಾಲಿನ ಒಬ್ಬ ಮುದುಕ. ಅವನು ಎದ್ದದ್ದು ಕಾಲಿಗೆ ಜೋಮು ಹಿಡಿದದ್ದರಿಂದ ಎಂದು ಆಮೇಲೆ ಗೊತ್ತಾಯಿತು.

ಸೇವೆಗೆ ಕಳಿಸುವ ಸಮಿತಿಯವರು ಅವಳನ್ನು ಕರೆಸಿದರು, ಪ್ರಶ್ನೆ ಕೇಳಿದರು, ಮೆಚ್ಚಿಕೊಂಡರು, ವೈದ್ಯಕೀಯ ಪರೀಕ್ಷೆಗೆ ಕಳಿಸಿದರು. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಮೇಲೆ ಒಂದು ಕಲೆ ಕಂಡಿತು. ಚಿಕ್ಕಂದಿನಲ್ಲಿ ಬಂದು ಹೋದ ಕ್ಷಯದ ಗುರುತು. ಬೆಟ್ಟದ ಚಳಿ ಈಕೆಗೆ ಆಗದು ಎಂದು ಡಾಕ್ಟರು ಬರೆದರು. ಕರ್ತನ ಸಮಯಕ್ಕಾಗಿ ಕಾಯಬೇಕೆಂದು ಸಮಿತಿಯಿಂದ ಕಾಗದ ಬಂತು.

"ದೇವರು ಬಾ ಅಂದ್ನಂತೆ, ಡಾಕ್ಟರು ಬೇಡ ಅಂದ್ರಂತೆ," ಅಂದಳು ತಾಯಿ. "ಮೊದಲು ಅವರಿಬ್ರೂ ಕೂತು ಮಾತಾಡಿಕೊಳ್ಳಲಿ ಕಣೇ. ಅಲ್ಲಿ ತನಕ ನೀನು ಟೈಪಿಂಗ್ ಪರೀಕ್ಷೆ ಕಟ್ಟು."

ತಾಯಿ ಕಟುಕಿಯಲ್ಲ. ಗಂಡ ಸತ್ತ ಮನೆ, ಓದುವ ಮಗ, ಇವಳ ದುಡಿಮೆ ಬೇಕಿತ್ತು. ಅವಳು ಪರೀಕ್ಷೆ ಕಟ್ಟಿದಳು, ಕೆಲಸ ಸಿಕ್ಕಿತು. ಆದರೆ ಕಾಯಿರಿ ಎಂದವರ ಮಾತನ್ನು ಅಕ್ಷರಶಃ ನಂಬಿ ಕಾಯತೊಡಗಿದಳು. ಒಂದು ದಪ್ಪ ಉಣ್ಣೆ ಶಾಲು ಕೊಂಡು ನುಸಿಗುಳಿಗೆ ಹಾಕಿ ಮಡಿಸಿಟ್ಟಳು. ಎರಡು ವರ್ಷಕ್ಕೊಮ್ಮೆ ಸಮಿತಿಗೆ ಅರ್ಜಿ ಹಾಕಿದಳು. ಎರಡು ಒಳ್ಳೆಯ ಸಂಬಂಧ ಬಂದವು, ಬೇಡವೆಂದಳು.

"ಯಾಕಮ್ಮಾ ಬೇಡ?"

"ಯಾವಾಗ ಕರೆ ಬರತ್ತೋ ಗೊತ್ತಿಲ್ಲ. ಬಂದಾಗ ಬಿಟ್ಟು ಹೋಗೋಕಾಗತ್ತಾ?"

"ಬಸ್ಸೇ ಬರದ ದಾರೀಲಿ ಬ್ಯಾಗ್ ಹಿಡ್ಕೊಂಡು ನಿಂತ ಹಾಗೆ ನಿಂತಿದೀಯ," ಅಂದಳು ತಾಯಿ.

ಹತ್ತು ವರ್ಷ ಕಳೆದ ಮೇಲೆ ಸಮಿತಿಯವರು ಅರ್ಜಿಗೆ ಉತ್ತರ ಬರೆಯುವುದನ್ನೂ ಬಿಟ್ಟರು. ಸಭೆಯಲ್ಲಿ ವರ್ಷಕ್ಕೊಮ್ಮೆ, ಸೇವೆಗೆ ಹೊರಟವರನ್ನು ವೇದಿಕೆಗೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಭಾನುವಾರ ಇರುತ್ತಿತ್ತು. ಅವಳಿಗಿಂತ ಹತ್ತು, ಹದಿನೈದು ವರ್ಷ ಚಿಕ್ಕವರು ಏರಿ ನಿಲ್ಲುತ್ತಿದ್ದರು. ಅವಳು ಐದನೇ ಸಾಲಿನಲ್ಲಿ ಕೂತು ಅವರಿಗಾಗಿ ಪ್ರಾರ್ಥಿಸಿ ಮನೆಗೆ ಬಂದು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮೂವತ್ತೈದು ದಾಟಿದ ಚಳಿಗಾಲದಲ್ಲಿ ಆ ಶಾಲನ್ನು ಕಚೇರಿಯ ಕಸ ಗುಡಿಸುವಾಕೆಗೆ ಕೊಟ್ಟುಬಿಟ್ಟಳು. ಆಕೆ "ಒಳ್ಳೇ ಬೆಚ್ಚಗಿದೆ ಅಕ್ಕಾ" ಅಂದಾಗ ಅವಳು ಮಡಿಕೆಯಲ್ಲಿ ಉಳಿದಿದ್ದ ನುಸಿಗುಳಿಗೆಗಳನ್ನು ಆರಿಸಿ ತೆಗೆದಳು.

ಮೂವತ್ತೆಂಟನೇ ವಯಸ್ಸಿನಲ್ಲಿ ಕಚೇರಿಯ ಟೆಲಿಫೋನ್ ಕೋಣೆಗೆ ಹೊಸ ಆಪರೇಟರ್ ಬಂದಳು. ಹುಟ್ಟು ಕುರುಡಿ, ಇವಳಿಗಿಂತ ಆರು ವರ್ಷ ದೊಡ್ಡವಳು. ದಿನವಿಡೀ ತಂತಿಗಳನ್ನು ತೂತಿನಿಂದ ತೂತಿಗೆ ಚುಚ್ಚುತ್ತಾ ಹಲೋ ಹಲೋ ಅನ್ನುವವಳಾದ್ದರಿಂದ ಎರಡೇ ವಾರದಲ್ಲಿ ಹಲೋ ಅಮ್ಮ ಆಗಿಬಿಟ್ಟಳು. ಅವಳ ಕೋಣೆಗೂ ನಕಲು ವಿಭಾಗಕ್ಕೂ ನಡುವೆ ಒಂದು ಮರದ ತಡಿಕೆಯಷ್ಟೆ. ಮಧ್ಯಾಹ್ನ ಟೈಪಿಸ್ಟಕ್ಕ ತನ್ನ ಡಬ್ಬಿ ಹಿಡಿದು ಅಲ್ಲಿಗೆ ಹೋಗುವುದು ರೂಢಿಯಾಯಿತು. ಹಲೋ ಅಮ್ಮನದು ಗಂಟಲು ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಯಾರ ಹೆಜ್ಜೆ ಯಾವುದೆಂದು ಬಾಗಿಲಲ್ಲೇ ಹೇಳುತ್ತಿದ್ದಳು. "ಹೆಡ್ ಗುಮಾಸ್ತರು ಬಂದ್ರು, ಇವತ್ತು ಮನೇಲಿ ಜಗಳ ಆಗಿದೆ, ಚಪ್ಪಲಿ ಎಳೀತಿದಾರೆ," ಅನ್ನುತ್ತಿದ್ದಳು. ಅದು ನಿಜವೇ ಆಗಿರುತ್ತಿತ್ತು.

ಒಂದು ಮಧ್ಯಾಹ್ನ ಡಬ್ಬಿ ಮುಚ್ಚುತ್ತಾ ಹಲೋ ಅಮ್ಮ ಕೇಳಿದಳು: "ಏ ಹುಡುಗಿ, ನೀನು ಭಾನುವಾರ ಆರಾಧನೆಗೆ ಹೋಗೋಳಲ್ವಾ. ಒಂದು ಕೇಳ್ಲಾ?"

"ಕೇಳಿ ಅಕ್ಕಾ."

"ಅವನನ್ನ ತೋಟದಲ್ಲಿ ಹಿಡ್ಕೊಂಡು ಹೋದ್ರಲ್ಲ. ಆಮೇಲೆ ಏನಾಯ್ತು?"

ಟೈಪಿಸ್ಟಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಕಚೇರಿಯಲ್ಲಿ ಯಾರನ್ನೋ ಪೊಲೀಸರು ಹಿಡಿದರೇನೋ ಎಂದುಕೊಂಡಳು. ಹಲೋ ಅಮ್ಮ ಬಿಡಿಸಿ ಹೇಳಿದಳು. ಅವಳು ಓದಿದ್ದು ಕುರುಡು ಮಕ್ಕಳ ವಸತಿ ಶಾಲೆಯಲ್ಲಿ. ಅಲ್ಲಿನ ಪುಸ್ತಕ ಭಂಡಾರದಲ್ಲಿ ಬೆರಳಿನಿಂದ ಓದುವ ಬ್ರೈಲ್ ಲಿಪಿಯಲ್ಲಿ ಬೈಬಲಿನ ಒಂದು ಸುವಾರ್ತೆಯಿತ್ತು. ಬ್ರೈಲ್‌ನಲ್ಲಿ ಚಿಕ್ಕ ಪುಸ್ತಕವೂ ದಿಂಬಿನಷ್ಟು ದಪ್ಪವಾಗುತ್ತದೆ, ಹಾಗಾಗಿ ಅದು ಮೂರು ಭಾಗವಾಗಿತ್ತು. ಮೂರನೆಯದು ಯಾವಾಗಲೋ ಕಳೆದುಹೋಗಿತ್ತು. ಎರಡನೆಯ ಭಾಗದ ಕೊನೆಯ ಹಾಳೆಯಲ್ಲಿ ಸೈನಿಕರು ಬಂದು ಕರ್ತನನ್ನು ಹಿಡಿಯುತ್ತಾರೆ, ಶಿಷ್ಯರು ಓಡಿಹೋಗುತ್ತಾರೆ, ಅಲ್ಲಿಗೆ ನಿಂತಿತು.

"ನನಗಾಗ ಹನ್ನೊಂದು ವರ್ಷ," ಅಂದಳು. "ಅವತ್ತಿಂದ ಕಾಯ್ತಿದೀನಿ."

"ಅಯ್ಯೋ ಅಕ್ಕಾ, ನಾನು ಹೇಳ್ತೀನಿ ಕೇಳಿ..."

"ಬೇಡ. ಹೇಳೋರು ಬೇಕಾದಷ್ಟು ಜನ ಹೇಳಿದಾರೆ. ಕೊಂದ್ರು, ಎದ್ದ, ಅಷ್ಟೇ ತಾನೇ? ದಿನಕ್ಕೆ ಎಂಟು ಗಂಟೆ ಊರೋರ ಮಾತು ಕಿವಿಗೆ ತುಂಬಿಸ್ಕೊಳ್ಳೋದೇ ನನ್ನ ಕೆಲಸ. ಇದನ್ನ ಮಾತ್ರ ನನ್ನ ಬೆರಳಲ್ಲಿ ನಾನೇ ಓದಬೇಕು. ಎಲ್ಲಾದ್ರೂ ಸಿಗತ್ತಾ ನೋಡು."

ಅವಳು ಹುಡುಕಿದಳು. ಪುಸ್ತಕದಂಗಡಿಗಳಲ್ಲಿ ಕೇಳಿದಳು, ಎರಡು ಸಂಸ್ಥೆಗಳಿಗೆ ಕಾಗದ ಬರೆದಳು, ಸಿಗಲಿಲ್ಲ. ಕೊನೆಗೆ ಒಂದು ದಿನ, "ಅಕ್ಕಾ, ಆ ಲಿಪಿ ನನಗೇ ಕಲಿಸ್ಕೊಡಿ. ನಾನೇ ಬರೆದು ಕೊಡ್ತೀನಿ," ಅಂದಳು. ಇದೇ ತಾನು ಕಾದು ಕೂತಿದ್ದ ಕರೆ ಎಂದು ಅವಳಿಗೆ ಅನ್ನಿಸಲಿಲ್ಲ. ದೇವರ ಕರೆ ಬೆಟ್ಟದಾಚೆಯಿಂದ ಬರಬೇಕಾದದ್ದು. ಮರದ ತಡಿಕೆಯ ಆಚೆಯಿಂದ, ಊಟದ ಡಬ್ಬಿ ಮುಚ್ಚುವ ಸದ್ದಿನ ಜೊತೆಗೆ ಬರುವುದು ಬರೀ ಸ್ನೇಹಿತೆಯ ಕೋರಿಕೆ.

ಸಾಲು ಸಾಲು ಕಿಂಡಿಗಳ ಒಂದು ಲೋಹದ ಚೌಕಟ್ಟು, ಮರದ ಹಿಡಿಯ ದಬ್ಬಳದಂಥ ಒಂದು ಕಡ್ಡಿ, ಡ್ರಾಯಿಂಗ್ ಕಾಗದದಷ್ಟು ದಪ್ಪ ಹಾಳೆ. ಹಾಳೆಯ ಹಿಂಬದಿಯಿಂದ ಒಂದೊಂದೇ ಚುಕ್ಕೆ ಒತ್ತಬೇಕು. ತಿರುವಿ ಹಾಕಿದಾಗ ಸರಿಯಾಗಿ ಓದಲು ಬರಬೇಕೆಂದರೆ ಬಲದಿಂದ ಎಡಕ್ಕೆ, ಅಕ್ಷರವನ್ನೇ ಮಗುಚಿ ಬರೆಯಬೇಕು. ಇಡೀ ಕಚೇರಿಯಲ್ಲಿ ಅವಳಷ್ಟು ವೇಗವಾಗಿ ಟೈಪು ಮಾಡುವವರಿರಲಿಲ್ಲ. ಈಗ ಒಂದು ಸಾಲಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಬೆಳಗ್ಗೆ ಐದಕ್ಕೆದ್ದು ಅಡುಗೆಮನೆಯ ಹಿಂದಿನ ತನ್ನ ಕೋಣೆಯಲ್ಲಿ ಟಕ್ ಟಕ್ ಎಂದು ಒತ್ತುತ್ತಾ ಕೂರುತ್ತಿದ್ದಳು. ತಮ್ಮನ ಮಕ್ಕಳು ಅವಳಿಗೆ ಮರಕುಟಿಗ ಅತ್ತೆ ಎಂದು ಹೆಸರಿಟ್ಟರು.

ಮೊದಲ ಹಾಳೆಗಳನ್ನು ಓದುತ್ತಾ ಹಲೋ ಅಮ್ಮ ಒಂದು ಕಡೆ ಬೆರಳು ನಿಲ್ಲಿಸಿ ಬಿದ್ದು ಬಿದ್ದು ನಕ್ಕಳು.

"ಇಲ್ಲಿ ನೋಡೇ, ಕೋಳ ಕೂಗಿತು ಅಂತ ಬರೆದಿದೀಯ! ಸೈನಿಕರು ಕೈಗೆ ಹಾಕಿದ ಕೋಳ ಕೂಗ್ತಾ?"

"ಕೋಳಿ ಅಕ್ಕಾ, ಕೋಳಿ. ಒಂದು ಗುಡಿಸು ಬಿಟ್ಟುಹೋಗಿದೆ."

"ಕೋಳಿನೇ ತಿಂದುಬಿಟ್ಟೆಯಲ್ಲೇ ಮಹಾತಾಯಿ!"

ನಲವತ್ತೊಂದು ಹಾಳೆಗೆ ಏಳು ತಿಂಗಳು ಹಿಡಿಯಿತು. ಪೂರ್ತಿ ಮುಗಿಯುವ ತನಕ ಮುಂದಿನದು ಕೊಡಬೇಡ ಎಂದು ಹಲೋ ಅಮ್ಮನೇ ತಡೆದಿದ್ದಳು. ಕೊನೆಗೆ ದಾರ ಹಾಕಿ ಹೊಲಿದ ಕಟ್ಟನ್ನು ಒಂದು ಶನಿವಾರ ಮಧ್ಯಾಹ್ನ ಕೈಗಿಟ್ಟಾಗ ಅವಳು ಊಟ ಬಿಟ್ಟಳು. ಎಡಗೈ ಸಾಲು ಹಿಡಿಯುತ್ತಿತ್ತು, ಬಲಗೈ ಓದುತ್ತಿತ್ತು. ಎರಡು ಸಲ ಫೋನ್ ಗುರುಗುಟ್ಟಿತು. ಟೈಪಿಸ್ಟಕ್ಕನೇ ಎದ್ದು ಗೊತ್ತಿದ್ದಷ್ಟು ಮಟ್ಟಿಗೆ ತಂತಿ ಚುಚ್ಚಿದಳು. ಒಂದು ಸಲ ನ್ಯಾಯಾಧೀಶರ ಕರೆ ಕ್ಯಾಂಟೀನಿಗೆ ಹೋಯಿತು.

ಕೊನೆಯ ಸಾಲಿಗೆ ಬಂದ ಮೇಲೆ ಹಲೋ ಅಮ್ಮ ಅದನ್ನು ಇನ್ನೊಮ್ಮೆ ಓದಿದಳು.

"ಆ ಹೆಂಗಸರು ಬರಿದಾದ ಸಮಾಧಿ ನೋಡಿ ಹೆದರ್ಕೊಂಡು ಓಡಿಹೋದ್ರಾ? ಯಾರಿಗೂ ಹೇಳ್ಲಿಲ್ವಾ?"

"ಅಲ್ಲಿ ಹಾಗೇ ಇದೆ ಅಕ್ಕಾ. ಹಳೇ ಪ್ರತಿಗಳು ಅಲ್ಲಿಗೇ ಮುಗಿಯತ್ತಂತೆ."

"ಪಾಪ," ಅಂದಳು. ಆಮೇಲೆ, "ಆದ್ರೂ ನನ್ನ ತನಕ ಬಂತಲ್ಲ," ಅಂದಳು.

ಟೈಪಿಸ್ಟಕ್ಕ ತನ್ನ ಮೇಜಿಗೆ ಬಂದು ಯಂತ್ರಕ್ಕೆ ಹಾಳೆ ಏರಿಸಿದಳು. ಸುವಾರ್ತೆ ಓದದೆ ಕಾಯುತ್ತಿದ್ದವಳನ್ನು ಹುಡುಕಲು ಕಣಿವೆಗೆ ಹೋಗಬೇಕಿರಲಿಲ್ಲವೇ? ಅವಳು ತಡಿಕೆಯಾಚೆಯೇ ಕೂತಿದ್ದಳೇ? ಆ ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರ ಬಳಿ ಹೋಗಿ ನಾಚುತ್ತಾ ಎಲ್ಲ ಹೇಳಿದಳು. ಅವರು ಗಡಿಬಿಡಿಯಲ್ಲಿದ್ದರು. "ಒಳ್ಳೇ ಹವ್ಯಾಸ ಅಮ್ಮಾ, ಬಿಡಬೇಡಿ," ಎಂದು ಹೇಳಿ ಮುಂದಿನವರ ಕೈ ಕುಲುಕಿದರು.

ಹವ್ಯಾಸವೇ ಇರಬಹುದು ಎಂದುಕೊಂಡಳು. ಆದರೂ ಬಿಡಲಿಲ್ಲ. ಹಲೋ ಅಮ್ಮ ಹಳೆಯ ಶಾಲೆಗೆ ಕಾಗದ ಬರೆದು ಸುದ್ದಿ ಮುಟ್ಟಿಸಿದಳು. ಅಲ್ಲಿಂದ ಕೋರಿಕೆ ಬಂತು, ಮೊದಲು ಇತರ ಸುವಾರ್ತೆಗಳಿಗೆ, ಆಮೇಲೆ ಬೈಬಲಿನ ಕೀರ್ತನೆಗಳಿಗೆ. ಬರೆದದ್ದನ್ನು ಹಲೋ ಅಮ್ಮ ಬೆರಳಾಡಿಸಿ ತಪ್ಪು ಹಿಡಿಯುವಳು, ಟೈಪಿಸ್ಟಕ್ಕ ಉಗುರಿನಿಂದ ಚುಕ್ಕೆ ಸಮ ಮಾಡಿ ಮತ್ತೆ ಒತ್ತುವಳು. ಐದು ವರ್ಷ ಹೀಗೆ ನಡೆಯಿತು. ಅವಳ ಬದುಕಿನಲ್ಲಿ ಯಾರಾದರೂ ಅವಳಿಗಾಗಿ ಕಾದು ಕೂತದ್ದಿದ್ದರೆ ಆ ಐದು ವರ್ಷದ ಮಧ್ಯಾಹ್ನಗಳಲ್ಲಿ ಮಾತ್ರ.

ಆಮೇಲೆ ಹಲೋ ಅಮ್ಮನಿಗೆ ದೂರದ ಊರಿಗೆ ವರ್ಗವಾಯಿತು. ಬ್ರೈಲ್ ಕಾಗದಗಳು ಬರುತ್ತಿದ್ದವು. ಟೈಪಿಸ್ಟಕ್ಕ ಅವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಚುಕ್ಕೆಗಳ ನೆರಳು ನೋಡಿ ಓದುತ್ತಿದ್ದಳು. ಏಳನೇ ವರ್ಷ ಶಾಯಿಯಲ್ಲಿ ಬರೆದ ಒಂದು ಕಾಗದ ಬಂತು. ಬರೆದವಳು ಹಲೋ ಅಮ್ಮನ ತಂಗಿಯ ಮಗಳು. ಮೂರೇ ಸಾಲು: ಜ್ವರ ಬಂತು, ನಾಲ್ಕು ದಿನ ಇದ್ದರು, ಹೋದರು. ಅವಳು ಅದನ್ನು ಕಚೇರಿಯಲ್ಲೇ ಓದಿ, ಡ್ರಾಯರಿನಲ್ಲಿಟ್ಟು, ಐದು ಗಂಟೆಯವರೆಗೆ ಟೈಪು ಮಾಡಿದಳು. ಅಂದು ಒಂದೂ ತಪ್ಪಾಗಲಿಲ್ಲ. ತಪ್ಪಾಗದೇ ಹೋದದ್ದಕ್ಕೆ ಅವಳಿಗೆ ಆಮೇಲೆ ಬಹಳ ಕಾಲ ನಾಚಿಕೆಯಾಗುತ್ತಿತ್ತು.

ಅದೇ ವರ್ಷ ತಾಯಿಯೂ ಹೋದಳು. ಮನೆಯ ಮುಂದಿನ ಕೋಣೆಗಳೆಲ್ಲ ತಮ್ಮನ ಸಂಸಾರಕ್ಕೆ. ಅವರು ಕೆಟ್ಟವರಲ್ಲ. ಊಟಕ್ಕೆ ಕರೆಯುತ್ತಿದ್ದರು, ಹಬ್ಬಕ್ಕೆ ಬಟ್ಟೆ ತರುತ್ತಿದ್ದರು, ಅವಳ ಕೋಣೆಯ ಬಾಗಿಲಲ್ಲಿ ನಿಂತು "ಅಕ್ಕಾ, ಏನಾದ್ರೂ ಬೇಕಾ?" ಎಂದು ಕೇಳಿ ಉತ್ತರ ಬರುವ ಮೊದಲೇ ಹೋಗುತ್ತಿದ್ದರು. ಬೆಳಗಿನ ಟಕ್ ಟಕ್ ನಿಲ್ಲಲಿಲ್ಲ. ಆದರೆ ಒಂದು ಹಾಳೆ ಚೆನ್ನಾಗಿ ಬಂದರೆ ತೋರಿಸೋಣವೆಂದರೆ ಮನೆಯಲ್ಲಾಗಲಿ, ಕಚೇರಿಯಲ್ಲಾಗಲಿ, ಸಭೆಯಲ್ಲಾಗಲಿ ಅದನ್ನು ಓದಬಲ್ಲ ಒಂದು ಜೀವವಿರಲಿಲ್ಲ. ಕಟ್ಟುಗಳು ಅಂಚೆಯಲ್ಲಿ ಹೋಗುತ್ತಿದ್ದವು. ತಲುಪಿತು ಎಂಬ ಕಾರ್ಡು ಬರುತ್ತಿತ್ತು. ಯಾರು ಓದಿದರು, ಓದಿ ಏನೆಂದುಕೊಂಡರು, ಯಾರಾದರೂ ಕೋಳಿಯಂಥ ತಪ್ಪು ಹಿಡಿದು ನಕ್ಕರೇ, ಒಂದೂ ಗೊತ್ತಾಗುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಕೆಲವು ಸಲ ಕೇಳುತ್ತಿದ್ದಳು: "ನೀನೇ ಕರೆದದ್ದಾ, ಇಲ್ಲ ನಾನೇ ಕರೆದುಕೊಂಡದ್ದಾ?" ಹತ್ತೊಂಬತ್ತರಲ್ಲಿ ಗೋಡೆಯೊಳಗಿಂದ ಬಂದ ದನಿ ಮತ್ತೆ ಬರಲಿಲ್ಲ.

ನಿವೃತ್ತಿಯಾಗಿ ಮೂರನೇ ವರ್ಷ, ಅರವತ್ತೊಂದರಲ್ಲಿ, ಶಾಲೆಯಿಂದ ಕಾಗದ ಬಂತು. ಬ್ರೈಲ್ ಅಚ್ಚು ಹಾಕುವ ಯಂತ್ರ ಬಂದಿದೆ, ಮಕ್ಕಳು ಧ್ವನಿ ಪುಸ್ತಕಗಳನ್ನೂ ಕೇಳುತ್ತಾರೆ, ತಾವು ಇಷ್ಟು ವರ್ಷ ಪಟ್ಟ ಶ್ರಮಕ್ಕೆ ವಂದನೆಗಳು, ಇನ್ನು ಮುಂದೆ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಮಣಿಕಟ್ಟಿನ ನೋವಿಗೆ ಡಾಕ್ಟರು ಹೇಳಿದ್ದೂ ಅದನ್ನೇ: ಇನ್ನು ಸಾಕು. ಹೇಗೂ ನಿಲ್ಲಿಸುವುದಲ್ಲವೇ, ಒಂದು ಸಲ ಕಣ್ಣಾರೆ ನೋಡಿಯಾದರೂ ಬರೋಣವೆಂದು ಅವಳು ಬಸ್ಸು ಹತ್ತಿದಳು.

ಪುಸ್ತಕ ಭಂಡಾರ ನೋಡಿಕೊಳ್ಳುವವರು ಅಲ್ಲೇ ಓದಿ ಬೆಳೆದವರು, ಅವರಿಗೂ ಕಣ್ಣಿಲ್ಲ. ಅವಳ ಹೆಸರು ಕೇಳಿ ಎದ್ದು ನಿಂತರು, ಚಹಾ ತರಿಸಿದರು. ಗೋಡೆಯುದ್ದದ ಕಪಾಟಿನ ಮುಂದೆ ಕರೆದೊಯ್ದು ಕೆಳಗಿನ ಅರೆಯಲ್ಲಿ ಕೈಯಾಡಿಸಿ ಒಂಬತ್ತು ಕಟ್ಟು ತೋರಿಸಿದರು. ಅವಳು ಕಳಿಸಿದ್ದು ಅರವತ್ತನಾಲ್ಕು.

"ಉಳಿದವು?"

"ಚುಕ್ಕೆ ಸವೆದುಹೋದ್ವು ಅಮ್ಮಾ. ಬೆರಳಿಗೆ ಸಿಗ್ತಿರ್ಲಿಲ್ಲ. ಹಳೇ ಕಾಗದದ ಜೊತೆ ತೆಗೆದುಬಿಟ್ವಿ."

ಅವಳು ಚಹಾದ ಲೋಟ ಕೆಳಗಿಟ್ಟಳು. "ಓದಿ ಓದಿ ಸವೆದದ್ದಾ, ಇಲ್ಲ ಒಂದರ ಮೇಲೊಂದು ಪೇರಿಸಿ ಭಾರಕ್ಕೆ ಸವೆದದ್ದಾ?"

ಅವರು ಒಂದು ಕಟ್ಟಿನ ಮೇಲೆ ಬೆರಳಾಡಿಸಿದರು. ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿಯವರಲ್ಲ. "ಎರಡೂ ಬೆರಳಿಗೆ ಒಂದೇ ಥರ ಇರತ್ತೆ ಅಮ್ಮಾ. ಹೇಳೋಕಾಗಲ್ಲ."

ಹೊರಡುವಾಗ ಅವರೇ ನೆನಪಿಸಿಕೊಂಡು ಹೇಳಿದರು: "ಒಬ್ಬರು ಮಾತ್ರ ಯಂತ್ರದ್ದು ಬೇಡ ಅಂತಾರೆ. ನಮ್ಮ ಕಾರ್ಖಾನೇಲಿ ಬೆತ್ತದ ಕುರ್ಚಿ ಹೆಣೀತಾರೆ. ಬೆತ್ತ ಎಳೆದು ಎಳೆದು ಬೆರಳು ದಡ್ಡುಗಟ್ಟಿದೆ. ಯಂತ್ರದ ಚುಕ್ಕೆ ಮೇಲಮೇಲೆ ಇರತ್ತೆ, ತಿಳಿಯಲ್ಲ ಅಂತಾರೆ. ಕೈಯಲ್ಲಿ ಒತ್ತಿದ್ದು ಇದ್ರೆ ಕೊಡಿ ಅಂತ ಬಂದು ಬಂದು ಕೇಳ್ತಾರೆ. ಧ್ವನಿ ಪುಸ್ತಕ ಅಂದ್ರೆ ಸಿಟ್ಟು."

"ಅವರನ್ನ ನೋಡಬಹುದಾ?"

"ರಜೆ ಹಾಕಿ ಊರಿಗೆ ಹೋಗಿದಾರೆ. ಮುಂದಿನ ವಾರ ಬರ್ತಾರೆ."

ಮುಂದಿನ ವಾರದವರೆಗೆ ಅಲ್ಲಿ ಇರುವಂತಿರಲಿಲ್ಲ. ಅವಳು ತಿರುಗಿ ಬಸ್ಸು ಹತ್ತಿದಳು. ಕಿಟಕಿಗೆ ತಲೆಯಾನಿಸಿ ಕೂತಾಗ ಅಳು ಬರಬಹುದೆಂದು ಕಾದಳು. ಬರಲಿಲ್ಲ. ಹೊಟ್ಟೆ ಹಸಿದಿತ್ತು, ಅಷ್ಟೆ.

ಆ ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೋದ ಮೇಲೂ ಅವಳು ಐದನೇ ಸಾಲಿನಲ್ಲೇ ಕೂತಿದ್ದಳು. ಈಗಿನ ಸಭಾಪಾಲಕರು ಐವತ್ತರ ಆಸುಪಾಸಿನವರು, ಬಂದು ಎರಡು ವರ್ಷವಾಗಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಅವಳ ಸಾಲಿಗೆ ಬಂದು ನಿಂತರು.

"ಯಾಕಕ್ಕಾ, ಹುಷಾರಿಲ್ವಾ?"

ಅವಳು ಹೇಳಿದಳು. ಎಕ್ಸ್‌ರೇ, ಕಾಯಿರಿ ಎಂಬ ಕಾಗದ, ಹಲೋ ಅಮ್ಮ, ಅರವತ್ತನಾಲ್ಕರಲ್ಲಿ ಉಳಿದ ಒಂಬತ್ತು. ಕೊನೆಗೆ ಕೇಳಿದಳು: "ಅಯ್ಯನವರೇ, ನಾನು ಕರೆಗೆ ಓಗೊಟ್ಟೆನಾ, ಇಲ್ಲ ತಪ್ಪಿಸ್ಕೊಂಡೆನಾ? ನಿಮಗೆ ಕರೆ ಬಂದಿದೆ. ನಿಮಗೆ ಗೊತ್ತಿರತ್ತೆ."

ಅವರು ಒಂದು ಕುರ್ಚಿ ಎಳೆದುಕೊಂಡು ಕೂತರು. ಬೆವರು ಒರೆಸಿಕೊಂಡರು.

"ಅಕ್ಕಾ, ಇದನ್ನ ಯಾರಿಗೂ ಹೇಳಿಲ್ಲ. ನನಗೆ ಯಾವ ದನೀನೂ ಕೇಳಿಸಿಲ್ಲ. ನಾನು ಹುಟ್ಟಿದಾಗ ಉಳಿಯೋದೇ ಕಷ್ಟ ಅಂದ್ರಂತೆ. ಉಳಿದ್ರೆ ಸೇವೆಗೆ ಕೊಡ್ತೀನಿ ಅಂತ ನಮ್ಮಪ್ಪ ಹರಕೆ ಹೊತ್ತರು. ಉಳಿದೆ. ಕೊಟ್ಟರು. ಇಪ್ಪತ್ತಾರು ವರ್ಷದಿಂದ ಪ್ರತಿ ಭಾನುವಾರ ವೇದಿಕೆ ಹತ್ತೋ ಮುಂಚೆ ಕಿವಿಗೊಟ್ಟು ನಿಲ್ತೀನಿ, ಈವತ್ತಾದ್ರೂ ಕರೀತಾನೇನೋ ಅಂತ."

"ಕರೀದೇ ಇದ್ರೂ ಹತ್ತುತ್ತೀರಲ್ಲ?"

"ಕೆಳಗೆ ನೀವೆಲ್ಲ ಕೂತಿರ್ತೀರಲ್ಲಕ್ಕಾ. ಏನ್ಮಾಡ್ಲಿ?"

ಅವಳಿಗೆ ನಗು ಬಂತು. ಹಲೋ ಅಮ್ಮ ಹೋದ ಮೇಲೆ ಆ ಥರ ನಕ್ಕದ್ದು ಅವಳಿಗೇ ನೆನಪಿರಲಿಲ್ಲ. ಅವರೂ ನಕ್ಕರು. ಆಮೇಲೆ ಇಬ್ಬರೂ ಸೇರಿ ಉಳಿದ ಕುರ್ಚಿಗಳನ್ನು ಪೇರಿಸಿದರು. ಅವರು ಅವಳಿಗಾಗಿ ಪ್ರಾರ್ಥಿಸಲಿಲ್ಲ, ಅವಳೂ ಕೇಳಲಿಲ್ಲ. ಬಾಗಿಲಿಗೆ ಬೀಗ ಹಾಕುವಾಗ "ಆ ಬೆತ್ತದೋರು ಏನು ಓದ್ತಾರಂತೆ?" ಅಂದರು.

"ಕೇಳ್ಲೇ ಇಲ್ಲ," ಅಂದಳು.

ಮರುದಿನ ಅವಳು ಭಂಡಾರದವರಿಗೆ ಫೋನು ಮಾಡಿ ಕೇಳಿದಳು. ಕೀರ್ತನೆಗಳು ಅಂದರು. ಅವಳು ಮತ್ತೆ ಒತ್ತತೊಡಗಿದಳು, ದಿನಕ್ಕೆ ಮೂರೇ ಸಾಲು, ಮಣಿಕಟ್ಟು ತಡೆದಷ್ಟು. ಆರು ವಾರದಲ್ಲಿ ಹನ್ನೆರಡು ಹಾಳೆಯಾಯಿತು. ಅಂಚೆಗೆ ಹಾಕಿ ಬಂದಳು. ತಮ್ಮ ಅಡ್ಡಗಟ್ಟಿ, "ಡಾಕ್ಟರು ಬೇಡ ಅಂದಿಲ್ವೇನಕ್ಕಾ? ಯಾರಿಗೋಸ್ಕರ ಇದೆಲ್ಲ?" ಅಂದ. "ಕುರ್ಚಿ ಹೆಣೆಯೋರೊಬ್ಬರಿದಾರೆ," ಅಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ.

ಇಪ್ಪತ್ತು ದಿನ ಏನೂ ಬರಲಿಲ್ಲ. ಇಪ್ಪತ್ತೊಂದನೇ ದಿನ ಒಂದು ದಪ್ಪ ಲಕೋಟೆ ಬಂತು. ಒಳಗೆ ಬ್ರೈಲ್‌ನ ಒಂದೇ ಹಾಳೆ. ಅವಳು ಕಿಟಕಿಗೆ ಓರೆಯಾಗಿ ಹಿಡಿದಳು. ನಮಸ್ಕಾರವಿಲ್ಲ, ವಂದನೆಯಿಲ್ಲ, ಬರೆದವರ ಹೆಸರೂ ಇಲ್ಲ. ಬೆತ್ತ ಬಗ್ಗಿಸುವ ಕೈಯ ಬಲಕ್ಕೆ ಹಾಳೆ ಅಲ್ಲಲ್ಲಿ ತೂತು ಬಿದ್ದಿತ್ತು.

"ಐದನೇ ಹಾಳೆಯಿಂದ ಚುಕ್ಕೆ ತೆಳುವಾಗಿದೆ. ಕೈ ನೋಯುತ್ತಿರಬೇಕು. ಆದರೂ ಸ್ವಲ್ಪ ಗಟ್ಟಿಯಾಗಿ ಒತ್ತಿ. ಮುಂದಿನದು ಯಾವಾಗ?"

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಮಣಿಕಟ್ಟಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಚೌಕಟ್ಟಿಗೆ ಹೊಸ ಹಾಳೆ ಸಿಕ್ಕಿಸಿ, ಬಲತುದಿಯಿಂದ ಶುರುಮಾಡಿದಳು.